ಕರೆಂಟ್ ಅಳತೆಗೆ ವೇಗ ಬೇಕಾದಾಗ

ಪ್ರಶ್ನೆ: ನಮ್ಮ ವೈರ್‌ಲೆಸ್ ಸೆನ್ಸರ್ ಬೋರ್ಡ್ ಸಂದೇಶ ಕಳಿಸುವಾಗ 5 ಮಿಲಿಸೆಕೆಂಡ್ ಹೊತ್ತು ಸುಮಾರು 60 ಮಿಲಿಆಂಪಿಯರ್ ಎಳೆಯಬೇಕು. ವೋಲ್ಟೇಜ್ ಕೊಡುತ್ತಲೇ ಕರೆಂಟ್ ಅಳೆಯುವ ಕೀತ್ಲಿ 2400 ಉಪಕರಣವನ್ನು ಜಿಪಿಐಬಿ (ಅದನ್ನು ಕಂಪ್ಯೂಟರಿಗೆ ಜೋಡಿಸುವ ಕೇಬಲ್ ಸಂಪರ್ಕ) ಮೂಲಕ ಪೈಥಾನ್‌ನಿಂದ ನಡೆಸುತ್ತಿದ್ದೇವೆ. ಲೂಪ್‌ನಲ್ಲಿ ‘ರೀಡ್’ ಕೊಟ್ಟರೆ ಸೆಕೆಂಡಿಗೆ ಹತ್ತು ಹನ್ನೆರಡು ರೀಡಿಂಗ್ ಮಾತ್ರ ಬರುತ್ತವೆ. ಏನು ಮಾಡಬೇಕು?

ಉತ್ತರ: ಮೊದಲು ಲೂಪ್ ಬಿಡಿ. ಪ್ರತಿ ಸಲ ಕೇಳಿ, ಉತ್ತರಕ್ಕೆ ಕಾದು ಕೂತರೆ ನಿಮಗೆ ಬೇಕಾದ ವೇಗ ಎಂದೂ ಸಿಗದು. ಉಪಕರಣವೇ ತನ್ನ ಬಫರ್ (ರೀಡಿಂಗ್ ಕೂಡಿಡುವ ಒಳಗಿನ ಮೆಮೊರಿ) ತುಂಬಿಕೊಳ್ಳಲಿ; ಕೊನೆಗೆ ಎಲ್ಲವನ್ನೂ ಒಟ್ಟಿಗೆ ತರಿಸಿಕೊಳ್ಳಿ.

ನಿಧಾನಕ್ಕೆ ಮುಖ್ಯ ಕಾರಣ, ಒಂದು ಅಳತೆ ಎಷ್ಟು ಹೊತ್ತು ನಡೆಯಬೇಕೆಂದು ಹೇಳುವ ಸೆಟ್ಟಿಂಗ್ ಆದ ಎನ್‌ಪಿಎಲ್‌ಸಿ. ಅದು 1 ಇದ್ದರೆ ಒಂದು ಅಳತೆ ಮೇನ್ಸ್‌ನ ಒಂದು ಪೂರ್ತಿ ಸೈಕಲ್ ನಡೆಯುತ್ತದೆ. ನಮ್ಮ 50 ಹರ್ಟ್ಸ್‌ನಲ್ಲಿ 20 ಮಿಲಿಸೆಕೆಂಡ್. ಆಟೋ ಝೀರೋ ಆನ್ ಇದ್ದರೆ ಸಿಗ್ನಲ್ ಜೊತೆಗೆ ಸೊನ್ನೆ, ರೆಫರೆನ್ಸ್ ಎರಡನ್ನೂ ಅಳೆಯುವುದರಿಂದ ಅದು 60 ಆಗುತ್ತದೆ. ಎನ್‌ಪಿಎಲ್‌ಸಿಯನ್ನು 0.01ಕ್ಕೆ ಇಳಿಸಿ (200 ಮೈಕ್ರೋಸೆಕೆಂಡ್), ಆಟೋ ಝೀರೋ, ಫಿಲ್ಟರ್, ಡಿಸ್‌ಪ್ಲೇ ಆಫ್ ಮಾಡಿ, ಸೋರ್ಸ್ ಡಿಲೇ, ಟ್ರಿಗರ್ ಡಿಲೇ ಎರಡನ್ನೂ ಸೊನ್ನೆ ಮಾಡಿ. ಆಗ ಸೆಕೆಂಡಿಗೆ ಸುಮಾರು 2000 ರೀಡಿಂಗ್ ಬರುತ್ತವೆ, ಒಂದು ಸಂದೇಶಕ್ಕೆ ಹತ್ತರಷ್ಟು. ಇದಕ್ಕೆ ತೆರುವ ಬೆಲೆ ಮೇನ್ಸ್ ನಾಯ್ಸ್. ಪೂರ್ತಿ ಸೈಕಲ್ ಅಳೆದಾಗ ತಾನಾಗಿ ಕಳೆದುಹೋಗುತ್ತಿದ್ದ ಅದು ಈಗ ರೀಡಿಂಗ್‌ನಲ್ಲೇ ಕಾಣುತ್ತದೆ. ಹಾಗಾಗಿ ಒಂದೇ ರೀಡಿಂಗ್ ನಂಬದೆ ಹಲವು ಸಂದೇಶಗಳ ಸರಾಸರಿ ನೋಡಿ.

ರೇಂಜ್ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಆಟೋ ರೇಂಜ್ ಬೇಡ. ರೇಂಜ್ ಬದಲಾಗುವಷ್ಟರಲ್ಲಿ ಸಂದೇಶ ಮುಗಿದಿರುತ್ತದೆ. ರೀಸೆಟ್ ಆದ ಮೇಲೆ ಕಂಪ್ಲಯನ್ಸ್ (ಉಪಕರಣ ಕೊಡುವ ಕರೆಂಟಿನ ಗರಿಷ್ಠ ಮಿತಿ) ಬರೀ 105 ಮೈಕ್ರೋಆಂಪಿಯರ್ ಇರುತ್ತದೆ, ಅಷ್ಟರಲ್ಲಿ ನಿಮ್ಮ ಬೋರ್ಡ್ ಏಳುವುದೇ ಇಲ್ಲ. ಮೊದಲು ಕಂಪ್ಲಯನ್ಸ್ 100 ಮಿಲಿಆಂಪಿಯರ್‌ಗೆ ಏರಿಸಿ, ಆಮೇಲೆ ರೇಂಜ್ 100 ಮಿಲಿಆಂಪಿಯರ್ ಕೊಡಿ. ಕ್ರಮ ತಿರುಗಿಸಿದರೆ ಉಪಕರಣ ಎರರ್ ಕೊಡುತ್ತದೆ.

ಟ್ರಿಗರ್ ಕೌಂಟ್ (ಎಷ್ಟು ರೀಡಿಂಗ್ ತೆಗೆಯಬೇಕೆಂಬ ಸಂಖ್ಯೆ), ಬಫರ್ ಎರಡನ್ನೂ 2500 ಮಾಡಿ, ‘ಇನಿಶಿಯೇಟ್’ ಕೊಟ್ಟು, ಮುಗಿದ ಮೇಲೆ ‘ಟ್ರೇಸ್ ಡೇಟಾ’ ಕೇಳಿ. ಪ್ರತಿ ರೀಡಿಂಗ್‌ಗೆ ಐದು ಸಂಖ್ಯೆ ಬರುವುದು ವ್ಯರ್ಥ; ಕರೆಂಟ್, ಸಮಯ ಎರಡೇ ಸಾಕು. ಪೈಥಾನ್ ಉಪಕರಣದೊಂದಿಗೆ ಮಾತಾಡಲು ಬಳಸುವ ಲೈಬ್ರರಿ ಪೈವೀಸಾದ ಟೈಮ್‌ಔಟ್ 2 ಸೆಕೆಂಡ್ ಇರುತ್ತದೆ, ಅದನ್ನು 10 ಮಾಡಿ. 2500 ರೀಡಿಂಗ್ ಅಂದರೆ ಒಂದೂಕಾಲು ಸೆಕೆಂಡ್ ಮಾತ್ರ. ಬೋರ್ಡ್ ಅಪರೂಪಕ್ಕೆ ಸಂದೇಶ ಕಳಿಸುವುದಾದರೆ ಅದರ ಒಂದು ಪಿನ್‌ನಿಂದ ಉಪಕರಣದ ಹಿಂಬದಿಯ ಟ್ರಿಗರ್ ಲಿಂಕ್‌ಗೆ ಸಿಗ್ನಲ್ ಕೊಟ್ಟು ಅಳತೆ ಶುರು ಮಾಡಿಸಿ.

ಇಷ್ಟಾದರೂ 60 ಮಿಲಿಆಂಪಿಯರ್ ಕಾಣದೆ, ಕಡಿಮೆ ಎತ್ತರದ, ಅಗಲವಾದ ಉಬ್ಬು ಬಂದರೆ ಬೋರ್ಡಿನ ಸಪ್ಲೈ ಕೆಪಾಸಿಟರ್ ನೋಡಿ. ಆ ಕರೆಂಟಿನ ಒಂದು ಪಾಲನ್ನು ಅದೇ ಕೊಡುತ್ತಿರುತ್ತದೆ.

ಪ್ರಶ್ನೆ: 10 ಮೈಕ್ರೋಸೆಕೆಂಡಿನ ಸ್ಪೈಕ್ ಹೀಗೆ ಸಿಗುತ್ತದೆಯೇ?

ಉತ್ತರ: ಇಲ್ಲ. ಅದಕ್ಕೆ ಆಸಿಲೋಸ್ಕೋಪ್ ಬೇಕು. ಬೋರ್ಡಿನ ನೆಗೆಟಿವ್ ತಂತಿಯಲ್ಲಿ 1 ಓಮ್ ಶಂಟ್ (ಕರೆಂಟ್ ಅಳೆಯಲು ಹಾಕುವ ಸಣ್ಣ ರೆಸಿಸ್ಟರ್) ಹಾಕಿದರೆ 60 ಮಿಲಿಆಂಪಿಯರ್‌ಗೆ 60 ಮಿಲಿವೋಲ್ಟ್ ಸಿಗುತ್ತದೆ. ಪ್ರೋಬ್‌ನ ಗ್ರೌಂಡ್ ಕ್ಲಿಪ್ ಸಪ್ಲೈ ಕಡೆಗಿರಲಿ. ಅಳೆಯುವಾಗ ಬೋರ್ಡಿನ ಯುಎಸ್‌ಬಿ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಅರ್ಥ್ ಮೂಲಕ ಶಂಟ್ ಶಾರ್ಟ್ ಆಗಿ ಸೊನ್ನೆಯೇ ಕಾಣುತ್ತದೆ.