ತೀರ್ಥಹಳ್ಳಿಯವರ ಪ್ರಶ್ನೆಗೆ: ಆ ಪಾಲಿಸಿ ಬ್ಯಾಂಕಿನದ್ದಲ್ಲ
ಹಾಳೆತಟ್ಟೆ ಯೂನಿಟ್‌ಗೆ ಸಾಲ ಕೇಳಲು ಬ್ಯಾಂಕಿಗೆ ಹೋದರೆ ವಿಮಾ ಪಾಲಿಸಿ ಹಿಡಿಸಿದರು, ಅದು ಬ್ಯಾಂಕಿನದ್ದೇನಾ, ಬ್ಯಾಂಕಿನವರ ವೆಂಚರ್ ಕ್ಯಾಪಿಟಲ್ ನಮಗೆ ಸಿಗುತ್ತಾ ಅಂತ ಕೇಳಿದ್ದೀರಿ.

ಬ್ಯಾಂಕಿನದ್ದಲ್ಲ ಸರ್. ನಮ್ಮ ಬ್ಯಾಂಕುಗಳು ಹೆಚ್ಚಾಗಿ ವಿಮಾ ಕಂಪನಿಗಳ ಕಾರ್ಪೊರೇಟ್ ಏಜೆಂಟ್. ಕಮಿಷನ್‌ಗೆ ಮಾರುತ್ತವೆ, ಕ್ಲೇಮ್ ಕೊಡುವುದು ಕಂಪನಿ. ಬ್ರೋಕರ್ ಬೇರೆ, ಅವನು ಗ್ರಾಹಕನ ಕಡೆಯವನು (ಕಾಗದದ ಮೇಲಾದರೂ!). ಪಾಲಿಸಿ ಬಾಂಡ್ ತೆಗೆದು ನೋಡಿ, ಕಂಪನಿಯ ಹೆಸರು, ಮಾರಿದವರ ಕೋಡ್ ಎರಡೂ ಇರುತ್ತವೆ. ಜೀವವಿಮೆ ಆದರೆ ಬಾಂಡ್ ಕೈಗೆ ಬಂದ 30 ದಿನದೊಳಗೆ ಬೇಡ ಅಂತ ಬರೆದುಕೊಡಿ. ಸ್ವಲ್ಪ ಖರ್ಚು ಮುರಿದುಕೊಂಡು ಉಳಿದದ್ದು ವಾಪಸ್ ಕೊಡುತ್ತಾರೆ. ಸಾಲಕ್ಕೆ ಕಡ್ಡಾಯ ಅಂದರೆ, ಅದನ್ನೇ ಬರೆದುಕೊಡಿ ಅನ್ನಿ.

ಕೆನರಾ ಬ್ಯಾಂಕಿಗೆ ಕ್ಯಾನ್‌ಬ್ಯಾಂಕ್ ವೆಂಚರ್ ಕ್ಯಾಪಿಟಲ್ ಫಂಡ್ ಅನ್ನೋ ಅಂಗಸಂಸ್ಥೆ ಇದೆ, ಬೆಂಗಳೂರಲ್ಲಿ. ಆದರೆ ವೆಂಚರ್‌ನವರು ಕಂತು ಕೇಳಲ್ಲ, ಕಂಪನಿಯಲ್ಲಿ ಪಾಲು ಕೇಳುತ್ತಾರೆ. ನಾಲ್ಕು ಮಷಿನ್ ಯೂನಿಟ್‌ಗೆ ಅದೆಲ್ಲ ಸುಮ್ನೆ. ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಸಬ್ಸಿಡಿ ಸಾಲ ವಿಚಾರಿಸಿ.