ಜಗತ್ತಿನಲ್ಲಿ ಒಮ್ಮೆಯಾದರೂ ಉಳಿಯಲೇಬೇಕು ಅನ್ನಿಸುವ ಹೋಟೆಲ್ ಯಾವುದು?

ದುಡ್ಡಿನ ಚಿಂತೆ ಬಿಟ್ಟು ಹೇಳಿ, ಯಾವ ಹೋಟೆಲ್‌ನಲ್ಲಿ ಒಂದು ರಾತ್ರಿಯಾದರೂ ಉಳಿಯುವ ಆಸೆ ಇದೆ ಅಂತ ಕೇಳಿದ್ದೀರಿ. ನನ್ನ ಉತ್ತರ ಫೋಗೋ ಐಲೆಂಡ್ ಇನ್. ಕೆನಡಾದ ಪೂರ್ವ ತುದಿಯಲ್ಲಿ, ನ್ಯೂಫೌಂಡ್‌ಲ್ಯಾಂಡ್ ಪಕ್ಕದ ಒಂದು ದ್ವೀಪದಲ್ಲಿದೆ. ಆಸೆ ಹುಟ್ಟಿಸುವ ಇನ್ನೆರಡು ಜಾಗಗಳೂ ಇವೆ, ಅವನ್ನೂ ಹೇಳುತ್ತೇನೆ.

ನಾನು ಕೆಲಸ ಮಾಡುವುದೇ ಬೆಂಗಳೂರಿನ ಒಂದು ಹೋಟೆಲ್‌ನ ಫ್ರಂಟ್ ಆಫೀಸಿನಲ್ಲಿ. ದೊಡ್ಡ ಲಾಬಿ, ಮೆತ್ತನೆ ಹಾಸಿಗೆ, ಮಾರ್ಬಲ್ ಬಾತ್‌ರೂಮ್ ದಿನಾ ನೋಡುತ್ತೇನೆ. ದುಬೈನ ಒಂದು ರೂಮನ್ನು ಹಾಗೇ ಎತ್ತಿ ತಂದು ಗುರುಗ್ರಾಮದಲ್ಲಿ ಇಟ್ಟರೂ ಒಳಗೆ ಮಲಗಿದವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ನಾನು ಹುಡುಕುವುದು ಆ ಊರು ಬಿಟ್ಟು ಬೇರೆ ಎಲ್ಲೂ ಕಟ್ಟಲು ಆಗದಂಥ ಹೋಟೆಲ್. ಫೋಗೋ ಅಂಥದ್ದು.

ಅದರ ಕಥೆ ಗೊತ್ತಾದರೆ ನಿಮಗೂ ಆಸೆಯಾಗಬಹುದು. ಫೋಗೋ ಜನ ತಲೆತಲಾಂತರದಿಂದ ಕಾಡ್ ಅನ್ನುವ ಮೀನು ಹಿಡಿದು ಬದುಕಿದವರು. 1960ರ ದಶಕದಲ್ಲಿ ಅಲ್ಲಿನ ಸರ್ಕಾರ ಇಂಥ ದೂರದ ಹಳ್ಳಿಗಳನ್ನು ಖಾಲಿ ಮಾಡಿಸಿ, ಜನರನ್ನು ದೊಡ್ಡ ಊರುಗಳಿಗೆ ಕಳಿಸುತ್ತಿತ್ತು. ಫೋಗೋ ಮೇಲೂ ಆ ಕತ್ತಿ ತೂಗುತ್ತಿತ್ತು. 1967ರಲ್ಲಿ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್‌ನವರು ಕ್ಯಾಮೆರಾ ಹಿಡಿದು ಬಂದರು. ದ್ವೀಪದ ಜನ ತಮ್ಮ ಕಷ್ಟಸುಖ ಮಾತಾಡುವುದನ್ನು ಚಿತ್ರೀಕರಿಸಿ, ಅದನ್ನು ಆ ಜನರಿಗೇ ತೋರಿಸಿದರು. ಒಂದು ಹಳ್ಳಿಯವರ ಗೋಳು ಇನ್ನೊಂದು ಹಳ್ಳಿಯವರ ಕಣ್ಣಿಗೆ ಬಿತ್ತು. ನಮ್ಮದೂ ಇದೇ ಪಾಡು ಅಲ್ವಾ ಅನ್ನಿಸಿತು. ಊರು ಬಿಡುವ ಬದಲು ಎಲ್ಲರೂ ಸೇರಿ ಮೀನುಗಾರರ ಸಹಕಾರ ಸಂಘ ಕಟ್ಟಿಕೊಂಡರು.

ಆಮೇಲೆ ಇನ್ನೂ ದೊಡ್ಡ ಪೆಟ್ಟು ಬಿತ್ತು. ದೊಡ್ಡ ದೊಡ್ಡ ಟ್ರಾಲರ್‌ಗಳು ಸಮುದ್ರವನ್ನು ಬಳಿದು ಹಾಕಿದ್ದವು. ಕಾಡ್ ಮೀನಿನ ಸಂತತಿ ಕುಸಿದು, 1992ರಲ್ಲಿ ಸರ್ಕಾರ ಅದನ್ನು ಹಿಡಿಯುವುದನ್ನೇ ನಿಲ್ಲಿಸಿತು. ನ್ಯೂಫೌಂಡ್‌ಲ್ಯಾಂಡ್‌ನಲ್ಲಿ ಸುಮಾರು 30,000 ಜನರ ಕೆಲಸ ಹೋಯಿತು. ಹುಡುಗರು ಊರು ಬಿಟ್ಟರು.

ಜೀಟಾ ಕಾಬ್ ಇದೇ ದ್ವೀಪದಲ್ಲಿ ಹುಟ್ಟಿದವರು. ಹೊರಗೆ ಹೋಗಿ ಫೈಬರ್ ಆಪ್ಟಿಕ್ಸ್ ಕಂಪನಿಯಲ್ಲಿ ಚೆನ್ನಾಗಿ ದುಡಿದು, ಮತ್ತೆ ಊರಿಗೆ ಬಂದರು. ತಮ್ಮ ಒಡಹುಟ್ಟಿದವರ ಜೊತೆ ಸೇರಿ ಶೋರ್‌ಫಾಸ್ಟ್ ಅನ್ನುವ ಸಂಸ್ಥೆ ಮಾಡಿದರು. ಆ ಸಂಸ್ಥೆ ಕಟ್ಟಿದ್ದೇ ಈ ಹೋಟೆಲ್. 2013ರಲ್ಲಿ ಶುರುವಾಯಿತು. ಇರುವುದು 29 ರೂಮು ಅಷ್ಟೇ. ಉಳಿಯುವ ಲಾಭ ಯಾವ ಮಾಲೀಕರ ಜೇಬಿಗೂ ಹೋಗುವುದಿಲ್ಲ, ದ್ವೀಪದ ಕೆಲಸಕ್ಕೇ ಹೋಗುತ್ತದೆ.

ಕಟ್ಟಡ ವಿನ್ಯಾಸ ಮಾಡಿದವರು ಟಾಡ್ ಸಾಂಡರ್ಸ್, ಅವರೂ ನ್ಯೂಫೌಂಡ್‌ಲ್ಯಾಂಡ್‌ನವರೇ. ಬಂಡೆಯ ದಡದಲ್ಲಿ ಓರೆಯಾಗಿ ನೆಟ್ಟ ಕಂಬಗಳ ಮೇಲೆ ಬಿಳಿ ಮರದ ಕಟ್ಟಡ ನಿಂತಿದೆ. ಅಲ್ಲಿನ ಮೀನುಗಾರರು ಮೀನು ಕೊಯ್ಯಲು, ಉಪ್ಪು ಹಾಕಲು ಕಟ್ಟಿಕೊಳ್ಳುತ್ತಿದ್ದ ಅಟ್ಟಣೆಗಳೂ ಹೀಗೇ ಕಂಬದ ಮೇಲೆ ಇರುತ್ತಿದ್ದವು. ಪ್ರತಿ ರೂಮಿನ ಕಿಟಕಿಯೂ ಸಮುದ್ರದ ಕಡೆಗೇ ಇದೆ. ಮಂಚದ ಮೇಲೆ ಹೊದಿಸಿರುವುದು ದ್ವೀಪದ ಹೆಂಗಸರು ಕೈಯಲ್ಲಿ ಹೊಲಿದ ಕೌದಿ. ನಮ್ಮ ಉತ್ತರ ಕರ್ನಾಟಕದ ಅಜ್ಜಿಯರು ನೋಡಿದರೆ ಹತ್ತಿರ ಹೋಗಿ ಹೊಲಿಗೆ ಮುಟ್ಟಿ ನೋಡದೆ ಬಿಡುವುದಿಲ್ಲ. ಕುರ್ಚಿಗಳಲ್ಲೂ ದೋಣಿ ಕಟ್ಟುವವರ ಕೈಚಳಕ ಇದೆ. ಹೊರಗಿನ ಡಿಸೈನರ್‌ಗಳು ಬಂದು ಊರಿನ ಬಡಗಿಗಳ ಜೊತೆ ಕೂತು ಮಾಡಿಸಿದ್ದು.

ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಅವರ ಲೆಕ್ಕ. ತಿಂಡಿ ಪೊಟ್ಟಣದ ಹಿಂದೆ ಪ್ರೊಟೀನ್ ಎಷ್ಟು, ಸಕ್ಕರೆ ಎಷ್ಟು ಅಂತ ಬರೆದಿರುತ್ತಾರಲ್ಲ, ಆ ಥರದ ಒಂದು ಚೀಟಿ ಮಾಡಿದ್ದಾರೆ. ನೀವು ಕೊಟ್ಟ ದುಡ್ಡಿನಲ್ಲಿ ಕೂಲಿ ಸಂಬಳಕ್ಕೆ ಎಷ್ಟು ಹೋಯಿತು, ಊಟದ ಸಾಮಾನಿಗೆ ಎಷ್ಟು, ದ್ವೀಪದಲ್ಲೇ ಉಳಿದದ್ದು ಎಷ್ಟು, ಹೊರಗೆ ಹೋದದ್ದು ಎಷ್ಟು ಅಂತ ಅದರಲ್ಲಿ ಇರುತ್ತದೆ. ದಿನಾ ಬಿಲ್ ಪ್ರಿಂಟ್ ಹಾಕಿ ಕೊಡುವವನಾಗಿ ಹೇಳುತ್ತೇನೆ, ಗಿರಾಕಿಗೆ ಇಷ್ಟು ಬಿಚ್ಚಿ ತೋರಿಸಲು ಧೈರ್ಯ ಬೇಕು. ಕೂರ್ಗಿನ, ಹಂಪಿಯ, ಗೋಕರ್ಣದ ರೆಸಾರ್ಟ್‌ಗಳು ಇದೊಂದು ಚೀಟಿ ಕೊಡಲು ಶುರುಮಾಡಿದರೆ ಎಷ್ಟು ಚೆನ್ನಾಗಿರುತ್ತದೆ! ಆ ಊರಿನವರಿಗೆ ಏನು ಸಿಗುತ್ತಿದೆ ಅಂತ ನಮಗೂ ತಿಳಿಯುತ್ತದೆ.

ಬಂದ ಗೆಸ್ಟ್‌ಗಳನ್ನು ದ್ವೀಪದವರೇ ಒಬ್ಬರು ಕರೆದುಕೊಂಡು ಹೋಗಿ ಊರು ತೋರಿಸುತ್ತಾರೆ. ಹೋಗುವ ದಾರಿ ಮಾತ್ರ ಸುಲಭ ಇಲ್ಲ. ಗ್ಯಾಂಡರ್ ವಿಮಾನ ನಿಲ್ದಾಣದಲ್ಲಿ ಇಳಿದು, ಫೇರ್‌ವೆಲ್ ಅನ್ನುವ ಜಾಗದ ತನಕ ಕಾರು, ಅಲ್ಲಿಂದ ಫೆರ್ರಿ. ಅಂದ ಹಾಗೆ, 2001ರ ಸೆಪ್ಟೆಂಬರ್ 11ರಂದು ಅಮೆರಿಕ ತನ್ನ ಆಕಾಶ ಮುಚ್ಚಿದಾಗ 38 ದೊಡ್ಡ ವಿಮಾನಗಳು ಬಂದು ಇಳಿದದ್ದು ಇದೇ ಗ್ಯಾಂಡರ್‌ನಲ್ಲಿ. ಸಾವಿರಾರು ಪ್ರಯಾಣಿಕರಿಗೆ ಆ ಪುಟ್ಟ ಊರು ಮತ್ತು ಸುತ್ತಲಿನ ಹಳ್ಳಿಗಳ ಜನ ಶಾಲೆ, ಚರ್ಚು, ಮನೆ ತೆರೆದುಕೊಟ್ಟು ಊಟ ಹಾಕಿದರು. ಆ ಸೀಮೆಯವರಿಗೆ ಅತಿಥಿಗಳನ್ನು ನೋಡಿಕೊಳ್ಳುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಇನ್ನು ಸ್ವೀಡನ್ನಿನ ಐಸ್‌ಹೋಟೆಲ್. ಆರ್ಕ್‌ಟಿಕ್ ವೃತ್ತದಿಂದ 200 ಕಿಲೋಮೀಟರ್ ಉತ್ತರಕ್ಕೆ, ಕಿರುನಾ ಹತ್ತಿರದ ಯುಕಾಸ್‌ಯಾರ್ವಿ ಅನ್ನುವ ಹಳ್ಳಿಯಲ್ಲಿದೆ. ಪಕ್ಕದಲ್ಲೇ ಹರಿಯುವ ಟೋರ್ನೆ ನದಿಯ ಮಂಜುಗಡ್ಡೆಯನ್ನು ದೊಡ್ಡ ದೊಡ್ಡ ದಿಮ್ಮಿಗಳಾಗಿ ಕೊಯ್ದು ಇಟ್ಟುಕೊಂಡು, ಚಳಿಗಾಲ ಬಂದಾಗ ಅದರಿಂದಲೇ ಕಟ್ಟುತ್ತಾರೆ. ಹರಿಯುವ ನೀರು ಹೆಪ್ಪುಗಟ್ಟಿದ್ದರಿಂದ ಗಡ್ಡೆ ಗಾಜಿನಷ್ಟು ತಿಳಿಯಾಗಿರುತ್ತದೆ. ಪ್ರತಿ ವರ್ಷ ಬೇರೆ ಬೇರೆ ದೇಶದ ಕಲಾವಿದರು ಬಂದು ರೂಮುಗಳನ್ನು ಕೆತ್ತುತ್ತಾರೆ. ಬೇಸಿಗೆ ಬಂದರೆ ಎಲ್ಲಾ ಕರಗಿ ನದಿಗೇ ವಾಪಸ್. 2016ರಿಂದ ವರ್ಷಪೂರ್ತಿ ಇರುವ ಒಂದು ಭಾಗವನ್ನೂ ಮಾಡಿದ್ದಾರೆ. ಬೇಸಿಗೆಯಲ್ಲಿ ಸೂರ್ಯ ಮುಳುಗದ ಊರು ಅದು, ಆ ಬಿಸಿಲಿನ ಕರೆಂಟಿನಿಂದಲೇ ಅದನ್ನು ತಂಪಾಗಿ ಇಡುತ್ತಾರೆ.

ರೂಮಿನೊಳಗೆ ಮೈನಸ್ 5ರಿಂದ ಮೈನಸ್ 8 ಡಿಗ್ರಿ. ಮಂಜುಗಡ್ಡೆಯ ಮಂಚ, ಮೇಲೆ ಹಾಸಿಗೆ, ಅದರ ಮೇಲೆ ಹಿಮಸಾರಂಗದ ಚರ್ಮ, ನೀವು ದಪ್ಪನೆಯ ಸ್ಲೀಪಿಂಗ್ ಬ್ಯಾಗಿನೊಳಗೆ. ಲಗೇಜು, ಟಾಯ್ಲೆಟ್ಟು ಎಲ್ಲಾ ಪಕ್ಕದ ಬೆಚ್ಚಗಿನ ಕಟ್ಟಡದಲ್ಲಿ. ಬೆಳಿಗ್ಗೆ ಬಿಸಿ ಲಿಂಗನ್‌ಬೆರಿ ರಸ ತಂದುಕೊಟ್ಟು ಎಬ್ಬಿಸುತ್ತಾರೆ. ಒಂದು ರಾತ್ರಿ ಇಲ್ಲಿ, ಉಳಿದ ರಾತ್ರಿ ಅವರದೇ ಬೆಚ್ಚಗಿನ ರೂಮಿನಲ್ಲಿ ಅಂತ ಇಟ್ಟುಕೊಳ್ಳುವುದು ಒಳ್ಳೆಯದು. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವ ಜಾಗ ಅಲ್ಲ. ಹಗಲು ಟಿಕೆಟ್ ತೆಗೆದುಕೊಂಡು ರೂಮುಗಳನ್ನು ನೋಡಿಕೊಂಡು ಬರಬಹುದು, ಅವರಿಗೆ ಅಷ್ಟು ಸಾಕು.

ಅವರನ್ನು ಕರೆದುಕೊಂಡು ಹೋಗುವುದಾದರೆ ನಾನು ಜಪಾನಿಗೆ ಹೋಗುತ್ತೇನೆ. ಯಮಾನಾಶಿ ಪ್ರಾಂತ್ಯದ ಬೆಟ್ಟಗಳ ನಡುವೆ ನಿಶಿಯಾಮಾ ಆನ್ಸೆನ್ ಕೇಯುನ್‌ಕಾನ್ ಇದೆ. ಕ್ರಿ.ಶ. 705ರಲ್ಲಿ ಶುರುವಾದದ್ದು, ಜಗತ್ತಿನ ಅತಿ ಹಳೆಯ ಹೋಟೆಲ್ ಅಂತ ಗಿನ್ನೆಸ್ ದಾಖಲೆಯಲ್ಲಿದೆ. ಬಾದಾಮಿಯಲ್ಲಿ ಚಾಲುಕ್ಯರ ವಿಜಯಾದಿತ್ಯ ಆಳುತ್ತಿದ್ದ ಕಾಲ ಅದು. ಆಗಿನಿಂದ ಬಿಸಿನೀರಿನ ಬುಗ್ಗೆ, ಬಂದವರಿಗೆ ಊಟ, ಹಾಸಿಗೆ. ಒಂದೇ ಮನೆತನ 52 ತಲೆಮಾರು ನಡೆಸಿಕೊಂಡು ಬಂದಿತ್ತು. ಸ್ನಾನಕ್ಕೆ ಇಳಿಯುವ ಮುಂಚೆ ಮೈ ತೊಳೆದುಕೊಳ್ಳಬೇಕು, ಬಟ್ಟೆ ಹಾಕಿಕೊಂಡು ಇಳಿಯುವಂತಿಲ್ಲ. ನಮ್ಮವರಿಗೆ ಇದು ಮುಜುಗರ ಅನ್ನಿಸುತ್ತದೆ. ಇಂಥ ಬುಗ್ಗೆಯ ಹೋಟೆಲ್‌ಗಳಲ್ಲಿ ಕುಟುಂಬಕ್ಕೆ ಬೇರೆ ಕೊಳ ಸಿಗುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಸಸ್ಯಾಹಾರಿಗಳು ಇನ್ನೊಂದು ವಿಷಯ ಗಮನಿಸಬೇಕು: ಜಪಾನಿನಲ್ಲಿ ಬರೀ ತರಕಾರಿಯ ಸಾರಿಗೂ ಸಾಮಾನ್ಯವಾಗಿ ಒಣಮೀನಿನ ಕಟ್ಟು ಹಾಕಿರುತ್ತಾರೆ, ಅದಕ್ಕೆ ದಾಶಿ ಅನ್ನುತ್ತಾರೆ. ಬುಕ್ ಮಾಡುವಾಗ ‘ದಾಶಿಯಲ್ಲೂ ಮೀನು ಬೇಡ’ ಅಂತ ಬಿಡಿಸಿ ಬರೆಯಿರಿ.

ಎಲ್ಲರೂ ಹೇಳುವ ನೈರೋಬಿಯ ಜಿರಾಫ್ ಮ್ಯಾನರ್ ನನ್ನ ಪಟ್ಟಿಯಲ್ಲಿ ಇಲ್ಲ. ತಿಂಡಿ ಟೇಬಲ್‌ಗೆ ಕಿಟಕಿಯಿಂದ ಜಿರಾಫೆ ಕತ್ತು ಚಾಚುವುದು ಚೆಂದವೇ. ಆದರೆ ಪಕ್ಕದಲ್ಲೇ ಇರುವ ಜಿರಾಫ್ ಸೆಂಟರ್‌ನಲ್ಲಿ ಕಡಿಮೆ ಖರ್ಚಿನಲ್ಲಿ ಅವಕ್ಕೆ ಕೈಯಾರೆ ತಿನ್ನಿಸಬಹುದು. ಬೊಲಿವಿಯಾದ ಉಯುನಿಯಲ್ಲಿ ಉಪ್ಪಿನ ಇಟ್ಟಿಗೆಯಲ್ಲೇ ಕಟ್ಟಿದ ಹೋಟೆಲ್ ಇದೆ. ಮೊದಲು ಉಪ್ಪಿನ ಬಯಲಿನ ನಡುವೆಯೇ ಕಟ್ಟಿದ್ದರು. ಕೊಳಚೆ ಸಮಸ್ಯೆಯಾಗಿ ಅದನ್ನು ಕೆಡವಿ, ಆಮೇಲೆ ಬಯಲಿನ ಅಂಚಿನಲ್ಲಿ ಹೊಸದಾಗಿ ಕಟ್ಟಿದರು. ಅಂಚಿಗೆ ಬಂದದ್ದು ಸಮಾಧಾನ.

ಫೋಗೋಗೆ ಯಾವಾಗ ಹೋಗಬೇಕು ಅಂದರೆ, ನನ್ನ ಲೆಕ್ಕದಲ್ಲಿ ಜೂನ್ ಶುರುವಿನಲ್ಲಿ. ಗ್ರೀನ್‌ಲ್ಯಾಂಡ್ ಕಡೆಯಿಂದ ತೇಲಿ ಬರುವ ಹಿಮಬಂಡೆಗಳು ಆ ಹೊತ್ತಿಗೆ ದ್ವೀಪದ ಹತ್ತಿರ ಕಾಣಿಸುತ್ತವೆ. ರೂಮಿನ ಬಾಡಿಗೆ ನಮ್ಮಂಥವರಿಗೆ ಜಾಸ್ತಿಯೇ. ಅದೇ ದ್ವೀಪದಲ್ಲಿ ಜನ ತಮ್ಮ ಮನೆಗಳಲ್ಲಿ ನಡೆಸುವ ಬೆಡ್ ಆಂಡ್ ಬ್ರೇಕ್‌ಫಾಸ್ಟ್‌ಗಳೂ ಇವೆ. ಟೊರೊಂಟೊ ಕಡೆ ನೆಂಟರಿದ್ದು, ಹೇಗೂ ಕೆನಡಾಗೆ ಹೋಗುವವರಿದ್ದರೆ ನಾಲ್ಕು ದಿನ ಜಾಸ್ತಿ ಇಟ್ಟುಕೊಳ್ಳಿ. ಒಂದೆರಡು ರಾತ್ರಿ ಅಂಥ ಮನೆಯಲ್ಲಿ, ಉಳಿದದ್ದು ಆ ಹೋಟೆಲ್‌ನಲ್ಲಿ. ನಾನು ದುಡ್ಡು ಕೂಡಿಡುತ್ತಿರುವುದೂ ಇದೇ ಲೆಕ್ಕದಲ್ಲಿ.