ತೇಲುವ ಬೆಟ್ಟಕ್ಕೂ ನೆರಳು ಬೇಕು: ಡಿಜಿಟಲ್ ಕಲೆ, ಓದುಗರ ಪ್ರಶ್ನೆಗಳಿಗೆ ಉತ್ತರ

ಕನಸಿನಂಥ ದೃಶ್ಯ, ಬೇರೆ ಗ್ರಹ, ಅಸಂಭವ ಲೋಕಗಳ ಡಿಜಿಟಲ್ ಚಿತ್ರದ ಬಗ್ಗೆ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಿಂದ ಬಂದ ಪತ್ರಗಳಿಗೆ ಈ ಸಲದ ಪುಟ ಮೀಸಲು. ಚಿತ್ರ ತಿದ್ದಲು ನೀವು ಬಳಸುವ ತಂತ್ರಾಂಶ ಕ್ರಿಟಾ ಇರಲಿ, ಗಿಂಪ್, ಫೋಟೊಪೀ, ಫೋಟೊಶಾಪ್ ಇರಲಿ, ಮೆನುವಿನ ಹೆಸರು ಅಲ್ಲಿಷ್ಟು ಇಲ್ಲಿಷ್ಟು ಬದಲಾದರೂ ಕೆಲಸ ಒಂದೇ.

ಮಧುಗಿರಿ ಬೆಟ್ಟದ ಫೋಟೊ ಕತ್ತರಿಸಿ ಒಂದು ಕೆರೆಯ ಮೇಲೆ ತೇಲಿಸಿದ್ದೇನೆ. ನೋಡಿದವರೆಲ್ಲ ಅಂಟಿಸಿದ ಹಾಗಿದೆ ಅನ್ನುತ್ತಾರೆ. ಅಂಚು ಬ್ಲರ್ ಮಾಡಿದೆ, ಸುತ್ತ ಗ್ಲೋ ಹಾಕಿದೆ, ಸರಿಹೋಗಲಿಲ್ಲ. — ಓದುಗರು, ಮಧುಗಿರಿ

ಮೊದಲು ಆ ಗ್ಲೋ ತೆಗೆದುಬಿಡಿ. ಅದು ತಪ್ಪನ್ನು ಮುಚ್ಚುವುದಿಲ್ಲ, ಎಲ್ಲಿದೆ ಎಂದು ಬೆರಳು ಮಾಡಿ ತೋರಿಸುತ್ತದೆ.

ಎರಡು ಫೋಟೊಗಳಲ್ಲೂ ಬಿಸಿಲು ಯಾವ ಕಡೆಯಿಂದ ಬಿದ್ದಿದೆ ನೋಡಿ. ಬೆಟ್ಟಕ್ಕೆ ಎಡಗಡೆಯಿಂದ, ಕೆರೆಯ ದಡದ ಮರಗಳಿಗೆ ಬಲಗಡೆಯಿಂದ ಬಿದ್ದಿದ್ದರೆ ಬೆಟ್ಟವನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ಅದಲುಬದಲು ಮಾಡಿದರಾಯಿತು. ಒಂದು ಬೆಳಗಿನದು, ಇನ್ನೊಂದು ನಡುಮಧ್ಯಾಹ್ನದ್ದು ಎಂದಾದರೆ ಯಾವ ಫಿಲ್ಟರೂ ಕೈಹಿಡಿಯುವುದಿಲ್ಲ, ಬೇರೆ ಫೋಟೊ ತೆಗೆಯಬೇಕು.

ಆಮೇಲೆ ಕಣ್ಣಿನ ಮಟ್ಟ. ದಿಗಂತದ ಗೆರೆಗಿಂತ ಮೇಲಿರುವ ವಸ್ತುವಿನ ಅಡಿಭಾಗ ನಮಗೆ ಕಾಣಬೇಕು, ಅದರ ನೆತ್ತಿ ಕಾಣಬಾರದು. ನಿಮ್ಮ ಬೆಟ್ಟಕ್ಕೆ ಅಡಿಭಾಗವೇ ಇಲ್ಲ, ಚಾಕುವಿನಿಂದ ಕೊಯ್ದಂತೆ ನೇರ ಗೆರೆಯಿದೆ. ಅದಕ್ಕೆ ಕಲ್ಲು ಕ್ವಾರಿಯ ಗೋಡೆ ಅಥವಾ ರಸ್ತೆಗಾಗಿ ಗುಡ್ಡ ಕಡಿದ ಜಾಗದ ಫೋಟೊ ತೆಗೆದು ತಲೆಕೆಳಗು ಮಾಡಿ ಜೋಡಿಸಿ. ಮೋಡ ಕವಿದ ದಿನವೇ ತೆಗೆಯಬೇಕು. ಬಿಸಿಲಿನಲ್ಲಿ ತೆಗೆದ ಬಂಡೆಯನ್ನು ತಿರುಗಿಸಿದರೆ ಬೆಳಕು ಕೆಳಗಿನಿಂದ ಬಂದಂತಾಗುತ್ತದೆ, ಉಬ್ಬು ತಗ್ಗಾಗಿ ತಗ್ಗು ಉಬ್ಬಾಗಿ ಕಾಣುತ್ತದೆ. ಅಡಿಭಾಗವನ್ನು ಮಲ್ಟಿಪ್ಲೈ ಲೇಯರಿನಿಂದ (ಕೆಳಗಿರುವುದನ್ನು ಕಪ್ಪಾಗಿಸುವ ಪದರ) ಸಾಕಷ್ಟು ಕಪ್ಪಾಗಿಸಿ. ಕೆಳಗೆ ಕೆಮ್ಮಣ್ಣಿನ ನೆಲವಿದ್ದರೆ ಅದರ ಮೇಲೆ ತೆಳುವಾಗಿ, 10 ರಿಂದ 15 ಶೇಕಡಾ ಒಪಾಸಿಟಿಯಲ್ಲಿ (ಗಾಢತೆ) ಕೆಂಪು ಛಾಯೆ ಹಾಕಿ. ನೆಲದಿಂದ ಪುಟಿದ ಬೆಳಕು ಅದು. ಅದಿಲ್ಲದೆ ಬೆಟ್ಟ ಆ ಊರಿನದ್ದು ಅನ್ನಿಸುವುದಿಲ್ಲ.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕಪ್ಪಿನಲ್ಲಿ. ದೂರದ ವಸ್ತುವಿಗೂ ನಮಗೂ ನಡುವೆ ಗಾಳಿ, ಧೂಳು, ಮಂಜು ಇರುವುದರಿಂದ ದೂರದಲ್ಲಿ ಅಪ್ಪಟ ಕಪ್ಪು ಇರುವುದೇ ಇಲ್ಲ. ಕೆರೆಯ ಫೋಟೊದಲ್ಲೇ ಬೆಟ್ಟದಷ್ಟು ದೂರದಲ್ಲಿರುವ ಒಂದು ಗುಡ್ಡದ ಅತಿ ಕಪ್ಪು ಜಾಗವನ್ನು ಕಲರ್ ಪಿಕರ್‌ನಿಂದ ಅಳೆಯಿರಿ. ಕೆಂಪು 55, ಹಸಿರು 65, ನೀಲಿ 80 ಎಂದು ಬಂತೆನ್ನಿ (0 ಎಂದರೆ ಅಪ್ಪಟ ಕತ್ತಲು, 255 ಎಂದರೆ ಪೂರ್ತಿ ಬೆಳಕು). ಬೆಟ್ಟದ ಲೇಯರಿಗೆ ಮಾತ್ರ ಅಂಟುವಂತೆ ಕರ್ವ್ಸ್ (ಬೆಳಕು-ಕತ್ತಲು ತಿದ್ದುವ ಗೆರೆ) ಹಾಕಿ, ಮೂರು ಚಾನೆಲ್‌ಗಳ ಎಡತುದಿಯನ್ನು ಬೇರೆಬೇರೆಯಾಗಿ ಅಷ್ಟಕ್ಕೇ ಎತ್ತಿ. ಅಂಟಿಸಿದ ಗುಣ ಅರ್ಧಕ್ಕರ್ಧ ಇಲ್ಲೇ ಹೋಗುತ್ತದೆ. ಅಂಚಿಗೆ ದೊಡ್ಡ ಬ್ಲರ್ ಬೇಡ. ಮಾಸ್ಕನ್ನು (ಬೇಡದ ಭಾಗ ಮರೆಮಾಡುವ ಮುಸುಕು) 1 ಅಥವಾ 2 ಪಿಕ್ಸೆಲ್ ಒಳಕ್ಕೆ ಸರಿಸಿ, ಅರ್ಧದಿಂದ 1 ಪಿಕ್ಸೆಲ್ ಫೆದರ್ (ಅಂಚಿನ ಮಸುಕು) ಕೊಟ್ಟರೆ ಹಳೆಯ ಆಕಾಶದ ಬಿಳಿ ಗೆರೆ ಮಾಯವಾಗುತ್ತದೆ.

ಇನ್ನು ನೆರಳು. ಸೂರ್ಯಬಿಂಬ ನಮ್ಮ ಕಣ್ಣಿಗೆ ಸುಮಾರು ಅರ್ಧ ಡಿಗ್ರಿ ಅಗಲ. ಹಾಗಾಗಿ ವಸ್ತುವಿನಿಂದ ನೆರಳು ಬೀಳುವ ಜಾಗ ಎಷ್ಟು ಮೀಟರ್ ದೂರವೋ, ನೆರಳಿನ ಅಂಚು ಹೆಚ್ಚುಕಡಿಮೆ ಅಷ್ಟೇ ಸೆಂಟಿಮೀಟರ್ ಮಸುಕಾಗುತ್ತದೆ. 300 ಮೀಟರ್ ದೂರದಿಂದ ಬಿದ್ದ ನೆರಳಿಗೆ ಸುಮಾರು 3 ಮೀಟರ್ ಅಂಚು. ನೂರಾರು ಮೀಟರ್ ಅಗಲದ ಬೆಟ್ಟಕ್ಕೆ ಅದು ಏನೇನೂ ಅಲ್ಲ. ಆದ್ದರಿಂದ ಬೆಟ್ಟದ ನೆರಳು ಬಯಲಿನ ಮೇಲೆ ಸ್ಪಷ್ಟವಾಗಿಯೇ ಇರಲಿ. 200 ಪಿಕ್ಸೆಲ್ ಬ್ಲರ್ ಕೊಟ್ಟರೆ ಅದು ಮೈಲಿಗಟ್ಟಲೆ ಮೇಲಿರುವಂತೆಯೋ ಆಟಿಕೆಯಂತೆಯೋ ಕಾಣುತ್ತದೆ. ನೀರಿನಲ್ಲಿ ಮಾತ್ರ ನೆರಳಿಗಿಂತ ಬಿಂಬ ಮುಖ್ಯ. ಬೆಟ್ಟ ನೀರಿನಿಂದ ಎಷ್ಟು ಮೇಲಿದೆಯೋ ಬಿಂಬ ಅಷ್ಟೇ ಕೆಳಗಿರಬೇಕು. ಬಿಂಬವನ್ನು ದಡಕ್ಕೆ ತಾಗಿಸಿದರೆ ತೇಲುವ ಭಾವವೇ ಹೋಯಿತು. ಅಲೆಯಿದ್ದರೆ ಮೋಷನ್ ಬ್ಲರ್ ಲಂಬವಾಗಿ 15–30 ಪಿಕ್ಸೆಲ್ ಸಾಕು.

ಕೆಜಿಎಫ್‌ನ ಸೈನೈಡ್ ದಿಬ್ಬಗಳನ್ನು ಬೇರೆ ಗ್ರಹವಾಗಿ ತೋರಿಸಬೇಕು. ಆಕಾಶ ಹಸಿರು ಮಾಡಿ ಎರಡು ಚಂದ್ರ ಇಟ್ಟೆ. ಆದರೂ ಕೆಜಿಎಫ್ ಹಾಗೇ ಕಾಣುತ್ತದೆ. — ಓದುಗರು, ಬಂಗಾರಪೇಟೆ

ನೆಲದ ನೆರಳುಗಳು ಇನ್ನೂ ನಮ್ಮ ನೀಲಿ ಆಕಾಶದವು, ಅದಕ್ಕೇ. ಬಿಸಿಲು ತಾಗದ ಜಾಗವನ್ನು ಬೆಳಗುವುದು ಆಕಾಶವೇ. ಆಕಾಶದ ಬಣ್ಣ ಬದಲಾದರೆ ನೆರಳಿನ ಬಣ್ಣವೂ ಬದಲಾಗಲೇಬೇಕು. ಕಲರ್ ಬ್ಯಾಲೆನ್ಸ್‌ನಲ್ಲಿ ಶಾಡೋಸ್ ಆರಿಸಿ ಹಸಿರಿನ ಕಡೆಗೆ 15ರಿಂದ 20 ಎಳೆಯಿರಿ, ನೀಲಿಯನ್ನು ಅಷ್ಟೇ ಇಳಿಸಿ. ಬಿಸಿಲು ಬಿದ್ದ ಭಾಗವನ್ನು ಮುಟ್ಟಬೇಡಿ. ನಿಜವಾದ ಗ್ರಹವೊಂದನ್ನು ಮಾದರಿಯಾಗಿ ಇಟ್ಟುಕೊಳ್ಳುವುದಾದರೆ ಮಂಗಳ ಇದೆ: ಅಲ್ಲಿ ನಯವಾದ ಧೂಳಿನಿಂದಾಗಿ ಹಗಲಿನ ಆಕಾಶ ಕಂದುಹಳದಿ, ಸೂರ್ಯ ಮುಳುಗುವಾಗ ಅವನ ಸುತ್ತ ಮಾತ್ರ ನೀಲಿ. ಆ ಒಂದೇ ಅದಲುಬದಲು ನೋಡುವವರನ್ನು ಭೂಮಿಯಿಂದ ಆಚೆಗೆ ಒಯ್ಯುತ್ತದೆ. ಕೋಲಾರದ ಮಸುಕು ಬಿಳಿ ದಿಬ್ಬಗಳಿಗೆ ಹಸಿರಿಗಿಂತ ಅದು ಹೊಂದುತ್ತದೆ ಎಂದೇ ನಮ್ಮ ಅಭಿಪ್ರಾಯ.

ಚಂದ್ರರ ವಿಷಯಕ್ಕೆ ಬಂದರೆ, ಬೆಳಗಿರುವ ಮಗ್ಗುಲು ಸೂರ್ಯನ ಕಡೆಗೇ ಇರಬೇಕು. ನೆಲದ ನೆರಳುಗಳು ನಿಮ್ಮ ಕಡೆಗೆ ಚಾಚಿದ್ದರೆ ಸೂರ್ಯ ಎದುರಿಗಿದ್ದಾನೆ, ಚಂದ್ರ ತೆಳು ಗೆರೆಯಾಗಿರಬೇಕು. ನೆರಳು ನಿಮ್ಮಿಂದ ದೂರಕ್ಕೆ ಚಾಚಿದ್ದರೆ ಪೂರ್ಣಬಿಂಬಕ್ಕೆ ಹತ್ತಿರ. ಅಕ್ಕಪಕ್ಕ ಇರುವ ಎರಡು ಚಂದ್ರರಲ್ಲಿ ಒಂದು ಬಿದಿಗೆಯದು, ಇನ್ನೊಂದು ಹುಣ್ಣಿಮೆಯದು ಆಗಲಾರದು. ಹಗಲಿನಲ್ಲಿ ಚಂದ್ರನ ಕತ್ತಲ ಭಾಗ ಆಕಾಶದ ಬಣ್ಣವೇ ಆಗಿರುತ್ತದೆ, ಆಕಾಶಕ್ಕಿಂತ ಕಪ್ಪಾಗುವುದಿಲ್ಲ. ಚಂದ್ರನ ಲೇಯರನ್ನು ಕಪ್ಪು ಮರೆಯಾಗುವ ಸ್ಕ್ರೀನ್ ಮೋಡ್‌ಗೆ ಹಾಕಿದರೆ ಇದು ತಾನಾಗಿ ಸರಿಹೋಗುತ್ತದೆ. ರಾತ್ರಿಯಾದರೆ ಆ ಕತ್ತಲ ಭಾಗದೊಳಗೆ ನಕ್ಷತ್ರ ಹೊಳೆಯದಂತೆ ನೋಡಿಕೊಳ್ಳಿ. ಗಾತ್ರಕ್ಕೆ ಅಳತೆ ಬೇಕಿದ್ದರೆ: ಮೊಬೈಲಿನ ಮುಖ್ಯ ಕ್ಯಾಮೆರಾದ 4000 ಪಿಕ್ಸೆಲ್ ಅಗಲದ ಚಿತ್ರದಲ್ಲಿ ನಮ್ಮ ಚಂದ್ರ ಸುಮಾರು 30 ಪಿಕ್ಸೆಲ್ ಅಷ್ಟೇ. 600 ಪಿಕ್ಸೆಲ್‌ನ ಚಂದ್ರ ಇಟ್ಟರೆ ಅದರ ಕೆಳಗಿನ ಭಾಗ ದಿಗಂತದ ಮಂಜಿನಲ್ಲಿ ಕರಗುವ ಹಾಗೆ ಗ್ರೇಡಿಯಂಟ್ ಮಾಸ್ಕ್ ಕೊಡಿ.

ಒಂದು ಎಚ್ಚರಿಕೆ. ಗಣಿ 2001ರಲ್ಲಿ ಮುಚ್ಚಿತು, ದಿಬ್ಬಗಳು ಹಾಗೇ ಇವೆ. ಅದು ಚಿನ್ನ ತೆಗೆಯಲು ಸೈನೈಡ್ ಬಳಸಿದ ಅದಿರಿನ ನಯವಾದ ಪುಡಿ. ಗಾಳಿ ಜೋರಾಗಿರುವಾಗ ಹತ್ತಿರ ಹೋಗಬೇಡಿ, ಹತ್ತಬೇಡಿ. ರಸ್ತೆಯಿಂದಲೇ ಝೂಮ್ ಮಾಡಿ ತೆಗೆದ ಫೋಟೊ ಸಾಕು.

ರೇಷ್ಮೆಗೂಡಿನ ಮಾರುಕಟ್ಟೆಯ ಫೋಟೊಗೆ ಮೀನು, ಗಡಿಯಾರ, ಮೆಟ್ಟಿಲು, ಬಾಗಿಲು, ರೆಕ್ಕೆ ಎಲ್ಲ ಸೇರಿಸಿದೆ. ವಿಚಿತ್ರವಾಗಿದೆ, ಕನಸಿನ ಹಾಗಿಲ್ಲ. — ಓದುಗರು, ಶಿಡ್ಲಘಟ್ಟ

ನಾಲ್ಕನ್ನು ತೆಗೆದು ಒಂದನ್ನು ಉಳಿಸಿ. ಬೆಲ್ಜಿಯಂನ ಕಲಾವಿದ ರೆನೆ ಮಾಗ್ರಿಟ್ ‘ಬೆಳಕಿನ ಸಾಮ್ರಾಜ್ಯ’ ಎಂಬ ಚಿತ್ರಮಾಲೆಯಲ್ಲಿ ಮಾಡಿದ್ದು ಒಂದೇ ಕೆಲಸ: ರಾತ್ರಿಯ ಬೀದಿ, ಉರಿಯುವ ದೀಪ, ಮೇಲೆ ಹಾಡಹಗಲಿನ ಆಕಾಶ. ಮನೆ ಮನೆಯೇ, ಮರ ಮರವೇ. ಸ್ಪೇನ್‌ನ ಕಲಾವಿದ ಸಾಲ್ವಡಾರ್ ಡಾಲಿ 1931ರಲ್ಲಿ ಗಡಿಯಾರ ಕರಗಿಸಿದ ಚಿತ್ರ ಕೇವಲ 24 × 33 ಸೆಂಟಿಮೀಟರ್. ಅದರ ಹಿಂದಿರುವುದು ಆತ ಬಾಲ್ಯದಿಂದ ಕಂಡ ಕ್ಯಾಟಲೋನಿಯಾದ ಕಡಲಂಚಿನ ಬಂಡೆಗಳು. ಕರಗಿದ ಗಡಿಯಾರ ನಿಮ್ಮದಲ್ಲ. ನಿಮ್ಮ ಊರಿನಲ್ಲಿ ಚಂದ್ರಿಕೆ ಇದೆ, ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ತಟ್ಟೆ. ಗೋಡೆಗೆ ಒರಗಿಸಿದ ಚಂದ್ರಿಕೆಯನ್ನು ನೇರವಾಗಿ ನಿಂತು ತೆಗೆಯಿರಿ. ಅದರ ಸುರುಳಿಗಳಲ್ಲಿ ಗೂಡಿನ ಬದಲು ಒಂದೊಂದು ಪುಟ್ಟ ಮೋಡ ಕಟ್ಟಿಕೊಂಡಿರಲಿ. ಬಿದಿರಿನ ಬಣ್ಣ, ಗೋಡೆಯ ಸುಣ್ಣ, ನೆಲದ ಕಸ ಏನನ್ನೂ ಚಂದ ಮಾಡಲು ಹೋಗಬೇಡಿ. ಮೋಡದಿಂದ ಬಿದಿರಿನ ಮೇಲೆ ಬೀಳುವ ಸಣ್ಣ ನೆರಳನ್ನು ಎರಡು ಲೇಯರಿನಲ್ಲಿ ಹಾಕಿ: ತಾಗಿದಲ್ಲಿ 3–6 ಪಿಕ್ಸೆಲ್ ಬ್ಲರ್, 70 ಶೇಕಡಾ, ಸುತ್ತ 40–60 ಪಿಕ್ಸೆಲ್ ಬ್ಲರ್, 25 ಶೇಕಡಾ.

ಎಐ ಆ್ಯಪ್‌ಗೆ ನಾಲ್ಕು ಸಾಲು ಬರೆದರೆ ಸರ್ರಿಯಲ್ ಚಿತ್ರ ಬರುತ್ತದಲ್ಲ, ಕೈಯಿಂದ ಯಾಕೆ ಮಾಡಬೇಕು? ಎಲ್ಲವೂ ಒಂದೇ ಥರ ನೇರಳೆ ಕೋಟೆಗಳಾಗಿ ಬರುತ್ತವೆ ಎನ್ನುವುದು ಬೇರೆ. — ವಿದ್ಯಾರ್ಥಿನಿ, ತುಮಕೂರು

ಪ್ರಶ್ನೆಯಲ್ಲೇ ಉತ್ತರದ ಅರ್ಧ ಹೇಳಿದ್ದೀರಿ. ಆ್ಯಪ್ ಕಲಿತಿರುವುದು ಈಗಾಗಲೇ ಇರುವ ಚಿತ್ರಗಳಿಂದ. ನೀವು ಬರೆದ ಪದಗಳೊಂದಿಗೆ ಹೆಚ್ಚಾಗಿ ಜೊತೆಯಾಗಿ ಬಂದದ್ದನ್ನೇ ಅದು ಮುಂದಿಡುತ್ತದೆ. 1924ರಲ್ಲಿ ಪ್ಯಾರಿಸ್‌ನಲ್ಲಿ ಕವಿ ಆಂದ್ರೆ ಬ್ರೆತಾನ್ ಸರ್ರಿಯಲ್ ಕಲೆಯ ಪ್ರಣಾಳಿಕೆ ಬರೆದಾಗ ಕೇಳಿದ್ದು ಇದಕ್ಕೆ ತದ್ವಿರುದ್ಧ: ಬುದ್ಧಿಯ ಕಾವಲು ತಪ್ಪಿಸಿ ಮನಸ್ಸು ತಾನಾಗಿ ಹೊರಹಾಕುವುದನ್ನು ಹಿಡಿಯುವುದು. ಅದೇ ಬಳಗದ ಕಲಾವಿದ ಮ್ಯಾಕ್ಸ್ ಅರ್ನ್‌ಸ್ಟ್ 1925ರಲ್ಲಿ ಕಂಡುಕೊಂಡ ದಾರಿ ಇಂದಿಗೂ ಕೆಲಸಕ್ಕೆ ಬರುತ್ತದೆ. ಹಲಗೆಯ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ, ಮೂಡಿದ ಗೆರೆಗಳಲ್ಲಿ ಕಾಡನ್ನೋ ಪ್ರಾಣಿಯನ್ನೋ ಹುಡುಕುವುದು.

ತೆಳು ಎ4 ಕಾಗದ, 6ಬಿ ಪೆನ್ಸಿಲ್ ತೆಗೆದುಕೊಳ್ಳಿ. ಮನೆ ಮುಂದಿನ ಚಪ್ಪಡಿ ಕಲ್ಲು, ಹಳೆಯ ಬಾಗಿಲು, ತೆಂಗಿನ ಮಟ್ಟೆ, ಹಲಸಿನ ಸಿಪ್ಪೆ, ಸಿಕ್ಕಿದ್ದರ ಮೇಲೆ ಪೆನ್ಸಿಲನ್ನು ಮಲಗಿಸಿ ಉಜ್ಜಿ. ಹಳೆಯ ಗುಡಿಯ ಕೆತ್ತನೆ, ಶಾಸನದ ಕಲ್ಲುಗಳ ತಂಟೆಗೆ ಹೋಗಬೇಡಿ. 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸಿ, ಲೆವೆಲ್ಸ್‌ನಲ್ಲಿ ಕಾಗದದ ಬೂದುಬಣ್ಣ ಬಿಳಿಯಾಗುವವರೆಗೆ ಬಲತುದಿಯನ್ನು ಒಳಕ್ಕೆ ತನ್ನಿ. ಮಲ್ಟಿಪ್ಲೈ ಮೋಡ್‌ಗೆ ಹಾಕಿದರೆ ಬಿಳಿ ಮಾಯ, ಗೆರೆ ಮಾತ್ರ ಉಳಿಯುತ್ತದೆ. ಕಾಗದವನ್ನು ನಾಲ್ಕೂ ದಿಕ್ಕಿಗೆ ತಿರುಗಿಸಿ ನೋಡಿ. ಏನಾದರೂ ಕಂಡರೆ ಅದರ ಅಂಚನ್ನು ಮಾತ್ರ ಬ್ರಷ್‌ನಿಂದ ಗಟ್ಟಿ ಮಾಡಿ. ಇಡೀ ಆಕಾರ ತುಂಬಿಸಿಬಿಟ್ಟರೆ ಆಕಸ್ಮಿಕವಾಗಿ ಬಂದದ್ದು ಸತ್ತುಹೋಗುತ್ತದೆ. ಈ ಹಾಳೆಗಳು ನಿಮ್ಮವೇ, ಯಾವ ಆ್ಯಪ್‌ನಲ್ಲೂ ಸಿಗುವುದಿಲ್ಲ.

ಕ್ರಿಟಾದಲ್ಲಿ ಎ3 ಅಳತೆಯ ಚಿತ್ರ, 8 ಜಿಬಿ ರ‍್ಯಾಮ್. ಮೂವತ್ತು ಲೇಯರ್ ದಾಟಿದರೆ ಲ್ಯಾಪ್‌ಟಾಪ್ ನಿಂತೇಬಿಡುತ್ತದೆ. — ಓದುಗರು, ಗೌರಿಬಿದನೂರು

300 ಡಿಪಿಐನ ಎ3 ಎಂದರೆ 3508 × 4961 ಪಿಕ್ಸೆಲ್. ಪೂರ್ತಿ ತುಂಬಿದ ಒಂದು ಲೇಯರಿಗೆ 8 ಬಿಟ್‌ನಲ್ಲಿ (ಒಂದೊಂದು ಬಣ್ಣಕ್ಕೆ 256 ಹಂತ) ಸುಮಾರು 70 ಎಂಬಿ, 16 ಬಿಟ್‌ನಲ್ಲಿ 140. 16 ಬಿಟ್‌ನ ಮೂವತ್ತಕ್ಕೆ 4 ಜಿಬಿಗೂ ಮೇಲಾಯಿತು, ಅನ್‌ಡೂ ಬೇರೆ. ಮುಗಿದ ಲೇಯರ್‌ಗಳನ್ನು ಬೇರೆ ಫೈಲಿನಲ್ಲಿ ಉಳಿಸಿ ಇಲ್ಲಿ ಒಂದಾಗಿಸಿ, ಅನ್‌ಡೂ ಸಂಖ್ಯೆಯನ್ನು 30ಕ್ಕೆ ಇಳಿಸಿ, ಬ್ರೌಸರ್ ಮುಚ್ಚಿ. ಮೊದಲ ಕರಡನ್ನು ಅರ್ಧ ಅಳತೆಯಲ್ಲೇ ಮಾಡುವುದು ಇನ್ನೂ ಒಳ್ಳೆಯದು.

ರಾತ್ರಿಯ ಲೋಕದ ಚಿತ್ರ 12 × 18 ಇಂಚಿಗೆ ಪ್ರಿಂಟ್ ಹಾಕಿಸಿದೆ. ಪೂರ್ತಿ ಕಪ್ಪು, ಹೊಳೆಯುವ ನೇರಳೆ ಸತ್ತುಹೋಗಿದೆ, ಆಕಾಶದಲ್ಲಿ ಪಟ್ಟೆಪಟ್ಟೆ. — ಓದುಗರು, ಚಿಂತಾಮಣಿ

ಮೂರಕ್ಕೂ ಕಾರಣ ಬೇರೆಬೇರೆ. ಕಪ್ಪಾದದ್ದು ಪರದೆಯ ಬ್ರೈಟ್‌ನೆಸ್ ಪೂರ್ತಿ ಇಟ್ಟು ಕೆಲಸ ಮಾಡಿದ್ದರಿಂದ. ಪರದೆಯ ಪಕ್ಕ ಬಿಳಿ ಕಾಗದ ಹಿಡಿದು, ಎರಡರ ಬಿಳುಪೂ ಒಂದೇ ಅನ್ನಿಸುವವರೆಗೆ ಬ್ರೈಟ್‌ನೆಸ್ ಇಳಿಸಿ, ಆಮೇಲೆ ಕರ್ವ್ಸ್‌ನ ನಡುಭಾಗವನ್ನು 128ರಿಂದ 145ರ ಸುಮಾರಿಗೆ ಎತ್ತಿ. ನೇರಳೆ ಸತ್ತದ್ದು ನಾಲ್ಕು ಬಣ್ಣದ ಶಾಯಿಯ ಪ್ರಿಂಟ್‌ನಿಂದ. ಪರದೆಯ ಹೊಳೆಯುವ ನೇರಳೆ, ನೀಲಿಗಳು ಆ ಶಾಯಿಗೆ ಎಟುಕುವುದಿಲ್ಲ. ಮದುವೆ ಫೋಟೊ ಹಾಕುವ ಕಲರ್ ಲ್ಯಾಬ್‌ಗೆ ಎಸ್‌ಆರ್‌ಜಿಬಿ (ಪರದೆಗಳ ಸಾಮಾನ್ಯ ಬಣ್ಣಪದ್ಧತಿ) ಫೈಲ್ ಕೊಟ್ಟು ಫೋಟೊ ಪೇಪರಿನಲ್ಲಿ ಹಾಕಿಸಿ, ಸಾಕಷ್ಟು ಉಳಿಯುತ್ತದೆ. ಹೊಳಪು ಬಣ್ಣದಿಂದಲ್ಲ, ಪಕ್ಕದ ಕತ್ತಲಿನಿಂದ ಬರುವಂತೆ ಮಾಡಿದರೆ ಯಾವ ಪೇಪರಿನಲ್ಲೂ ನಿಲ್ಲುತ್ತದೆ: ದೀಪದ ನಡುಭಾಗ ಬಹುಪಾಲು ಬಿಳಿ, ಬಣ್ಣ ಅಂಚಿಗೆ ಮಾತ್ರ.

ಪಟ್ಟೆಗಳ ಲೆಕ್ಕ ಹೀಗೆ. ನಿಮ್ಮ ಆಕಾಶ 20ರಿಂದ 50ರವರೆಗಿನ ಕತ್ತಲಲ್ಲಿದ್ದರೆ 8 ಬಿಟ್‌ನಲ್ಲಿ ಸಿಗುವುದು 30 ಮೆಟ್ಟಿಲು. 3600 ಪಿಕ್ಸೆಲ್ ಅಗಲಕ್ಕೆ ಹಂಚಿದರೆ ಒಂದೊಂದು ಪಟ್ಟೆ 120 ಪಿಕ್ಸೆಲ್, ಕಣ್ಣಿಗೆ ಹೊಡೆಯುತ್ತದೆ. 16 ಬಿಟ್‌ನಲ್ಲಿ ಕೆಲಸ ಮಾಡಿ, ಜೆಪೆಗ್ ಮಾಡುವ ಮುನ್ನ ಆಕಾಶಕ್ಕೆ 1ರಿಂದ 1.5 ಶೇಕಡಾ ನಾಯ್ಸ್ ಹಾಕಿ. ಪ್ರಿಂಟ್‌ನಲ್ಲಿ ಅದು ಕಾಣುವುದಿಲ್ಲ, ಪಟ್ಟೆಗಳನ್ನು ಮಾತ್ರ ಒಡೆಯುತ್ತದೆ. ಫೈಲ್ 3600 × 5400 ಪಿಕ್ಸೆಲ್ ಇರಲಿ. ಲ್ಯಾಬ್‌ಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ಫೋಟೊ ಆಗಿ ಕಳಿಸಬೇಡಿ, ಡಾಕ್ಯುಮೆಂಟ್ ಆಗಿ ಕಳಿಸಿ. ದೊಡ್ಡ ಪ್ರಿಂಟ್‌ಗೆ ಮೊದಲು ಚಿತ್ರದ ಅತಿ ಕಪ್ಪು ಮತ್ತು ಅತಿ ಹೊಳಪಿನ ತುಣುಕುಗಳನ್ನು ಕತ್ತರಿಸಿ 4 × 6 ಇಂಚಿಗೆ ಒಂದು ಹಾಕಿಸಿ, ಹಗಲು ಬೆಳಕಿನಲ್ಲಿ ನೋಡಿ.